ಕೆಟ್ಟದ್ದು ಹಳೆಯದೇ ಅಂತ ಯಾರು ಹೇಳಿದ್ದು ಮಾರಾಯ್ರೇ?

ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್ ಹಾಕಿಸಿದ್ದೀರಿ. ಆಮೇಲೆ ಹಳೆಯ ಗೇಮ್ ಕಂಟ್ರೋಲರ್ ಸಿಕ್ಕಿಸಿದರೆ ಕೆಲಸ ಮಾಡುವುದಿಲ್ಲ. ಕೆಟ್ಟಿರುವುದು ಯಾವುದು? ಯಾರನ್ನು ಬೇಕಾದರೂ ಕೇಳಿ ನೋಡಿ, "ಕಂಟ್ರೋಲರೇ, ಮತ್ತೆಂತ? ಹೊಸ ಬೋರ್ಡು ಕೆಡ್ಲಿಕ್ಕುಂಟಾ?" ಅನ್ನುತ್ತಾರೆ.

ನನ್ನ ತಕರಾರು ಇರುವುದು ಇಲ್ಲೇ. ನಿನ್ನೆ ರಾತ್ರಿಯವರೆಗೆ ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಆ ಕಂಟ್ರೋಲರ್. ಇಡೀ ಪೆಟ್ಟಿಗೆಯಲ್ಲಿ ಬೋರ್ಡು ಬದಲಾಯಿತು, ಪ್ರೊಸೆಸರ್ ಬದಲಾಯಿತು, ರ್‍ಯಾಮ್ ಬದಲಾಯಿತು, ವಿಂಡೋಸ್ ಬದಲಾಯಿತು. ಬದಲಾಗದೇ ಉಳಿದದ್ದು ಕಂಟ್ರೋಲರ್ ಮಾತ್ರ. ಬದಲಾದದ್ದನ್ನೆಲ್ಲ ಬಿಟ್ಟು ಬದಲಾಗದೇ ಇದ್ದದ್ದರ ಮೇಲೆ ಅಪವಾದ ಹೊರಿಸುವುದು ಯಾವ ನ್ಯಾಯ? ಹಳೆಯದು ಅನ್ನುವುದೊಂದೇ ಅದರ ತಪ್ಪು.

ಈ ವಿಷಯ ಈಗ ಯಾಕೆ ಅಂದರೆ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನೋಡಿದರೆ ಟಿಪಿಎಂ 2.0 ಕೇಳುತ್ತದೆ, ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಹೆಚ್ಚಿನ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗಾಗಿ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಕಂಪ್ಯೂಟರುಗಳ ಒಳಗಿನದ್ದನ್ನೆಲ್ಲ ಜನ ಬದಲಾಯಿಸಿದರು. ಕ್ಯಾಬಿನೆಟ್ಟು, ಕೀಬೋರ್ಡು, ಪ್ರಿಂಟರು, ಕಂಟ್ರೋಲರು ಮಾತ್ರ ಹಳೆಯದೇ. ಹೊಸ ಮನೆಗೆ ಹಳೆ ಬಾಗಿಲು ಕೂರಿಸಿದ ಹಾಗೆ. ಬಾಗಿಲು ಕೂರದಿದ್ದರೆ ಬಾಗಿಲನ್ನೇ ಬೈಯುತ್ತೇವೆ, ದಾರಂದ ಅಳತೆಗೆ ಉಂಟಾ ಅಂತ ನೋಡುವುದಿಲ್ಲ.

ನಮ್ಮ ಅಜ್ಜಾವರದಲ್ಲೂ ಆದದ್ದು ಇದೇ. ಸುಳ್ಯ ಪೇಟೆಯಿಂದ ಪಯಸ್ವಿನಿ ದಾಟಿದರೆ ಸಿಗುವ ಊರು ಅಜ್ಜಾವರ. ಅಲ್ಲಿ ನನ್ನ ಚಿಕ್ಕಪ್ಪನ ಮಗ ಡಿಗ್ರಿ ಓದುತ್ತಿದ್ದಾನೆ. ಅವನ ಕಂಪ್ಯೂಟರಿಗೆ ಹೊಸ ಬೋರ್ಡು ಹಾಕಿ ಕೊಟ್ಟ ಅಂಗಡಿಯವರಿಗೆ ಅವನು ಫೋನ್ ಮಾಡಿ ಕೇಳಿದರೆ, "ಜಾಯ್‌ಸ್ಟಿಕ್ ಹೋಗಿದೆ, ಹೊಸತು ತಗೊಳ್ಳಿ" ಅಂದರಂತೆ. ಅವನ ಹತ್ತಿರ ಇದ್ದದ್ದು ಪ್ಲೇಸ್ಟೇಷನ್ 4ರ ಕಂಟ್ರೋಲರ್. ಸಿಕ್ಕಿಸಿದರೆ ಕಿತ್ತಳೆ ಬಣ್ಣದ ಬೆಳಕು ಮಿನುಗುತ್ತದೆ, ಗೇಮಿನಲ್ಲಿ ಮಾತ್ರ ಒಂದು ಬಟನ್ನೂ ಒತ್ತಿದ್ದು ಗೊತ್ತಾಗುವುದಿಲ್ಲ. ಒಳ್ಳೆಯ ಹೊಸ ಕಂಟ್ರೋಲರಿಗೆ ನಾಲ್ಕೈದು ಸಾವಿರ ಬೇಕು. ಕೂಲಿ ಕೊಟ್ಟು, ಗೊಬ್ಬರಕ್ಕೆ ಕೊಟ್ಟು, ಮಗನ ಕಂಪ್ಯೂಟರಿಗೂ ಆಗಷ್ಟೇ ದುಡ್ಡು ಸುರಿದ ಚಿಕ್ಕಪ್ಪನ ಹತ್ತಿರ ಇನ್ನೊಂದು ಐದು ಸಾವಿರ ಆಟದ ಸಾಮಾನಿಗೆ ಕೇಳಲು ಅವನಿಗೆ ಬಾಯಿ ಬರಲಿಲ್ಲ. ನನಗೆ ಫೋನ್ ಮಾಡಿದ.

"ಅಣ್ಣ, ಬೆಳಕು ಬರ್ತದೆ. ಆದ್ರೆ ಎಂತ ಮಾಡಿದ್ರೂ ಆಗುದಿಲ್ಲ. ಹೋಯ್ತು ಕಾಣ್ತದೆ."

"ತೋಟದ ಪಂಪು ಸ್ಟಾರ್ಟ್ ಆಗದಿದ್ರೆ ಹೊಸ ಪಂಪು ತರ್ತೀರಾ?" ಅಂತ ಕೇಳಿದೆ.

"ಇಲ್ಲಪ್ಪ, ಮೊದ್ಲು ಫ್ಯೂಸ್ ನೋಡುದು."

ನೋಡಿ, ಅಡಿಕೆ ತೋಟದ ಊರಿನಲ್ಲಿ ಹುಟ್ಟಿದವರಿಗೆ ದೋಷ ಹುಡುಕುವುದನ್ನು ಯಾರೂ ಕಲಿಸಬೇಕಾಗಿಲ್ಲ. ಪಂಪು ನೀರೆತ್ತದಿದ್ದರೆ ನಮ್ಮವರು ಒಂದು ಕ್ರಮದಲ್ಲಿ ಹೋಗುತ್ತಾರೆ. ಮೂರು ಫೇಸೂ ಉಂಟಾ? ಫ್ಯೂಸ್ ಹೋಗಿದೆಯಾ? ಸ್ಟಾರ್ಟರ್ ಎಳೆಯುತ್ತದಾ? ಮೋಟಾರು ತಿರುಗಿಯೂ ನೀರು ಬಾರದಿದ್ದರೆ ಗಾಳಿ ಎಳೆದಿದೆಯಾ? ಫುಟ್‌ವಾಲ್ವ್‌ನಲ್ಲಿ ಕಸ ಸಿಕ್ಕಿದೆಯಾ? ಕರೆಂಟಿನಿಂದ ಹೊರಟು ಸ್ಪ್ರಿಂಕ್ಲರಿನ ತುದಿಯವರೆಗೆ ಒಂದೊಂದೇ ಮೆಟ್ಟಿಲು. ಪಂಪು ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಕೂತು ನಾನು ಕಲಿತದ್ದರಲ್ಲಿ ಇವತ್ತಿಗೂ ದಿನಾ ಉಪಯೋಗಕ್ಕೆ ಬರುವ ವಿದ್ಯೆ ಇದೇ. ಅದನ್ನು ನಮ್ಮ ಚಿಕ್ಕಪ್ಪ ಕಾಲೇಜಿಗೆ ಹೋಗದೆಯೇ ಕಲಿತಿದ್ದಾರೆ :)

ಅದೇ ಮನುಷ್ಯ ಕಂಪ್ಯೂಟರಿನ ಮುಂದೆ ಮಾತ್ರ "ಹೋಯ್ತು" ಅಂದುಬಿಡುತ್ತಾನೆ. ಯಾಕೆ? ಪಂಪಿನ ಒಳಗೆ ಎಂತ ನಡೆಯುತ್ತದೆ ಅಂತ ಅವನಿಗೆ ಗೊತ್ತು. ಯುಎಸ್‌ಬಿ ವಯರಿನ ಒಳಗೆ ಎಂತ ನಡೆಯುತ್ತದೆ ಅಂತ ಅವನ ಭಾಷೆಯಲ್ಲಿ ಯಾರೂ ಹೇಳಿಲ್ಲ. ಸರಿ, ನಾನೇ ಹೇಳಿ ನೋಡುತ್ತೇನೆ.

ಯುಎಸ್‌ಬಿ ಮೊದಲು ಬಂದದ್ದು 1996ರಲ್ಲಿ. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಇಂಟೆಲ್‌ನ ಅಜಯ್ ಭಟ್ ಹೆಸರು ಕೇಳಿದರೆ ನಮ್ಮ ಪುತ್ತೂರು ಕಡೆಯವರು ಅನ್ನಿಸುತ್ತದೆ, ಆದರೆ ಅವರು ಬರೋಡಾದಲ್ಲಿ ಓದಿ ಅಮೆರಿಕಕ್ಕೆ ಹೋದವರು ;-) ಅದಕ್ಕಿಂತ ಮೊದಲು ಜಾಯ್‌ಸ್ಟಿಕ್‌ಗೆ 15 ಪಿನ್ನಿನ ಬೇರೆಯೇ ಗೇಮ್ ಪೋರ್ಟ್ ಇತ್ತು, ಪ್ರಿಂಟರಿಗೆ ಒಂದು, ಮೌಸಿಗೆ ಇನ್ನೊಂದು. ಎಲ್ಲದಕ್ಕೂ ಒಂದೇ ತೂತು, ಸಿಕ್ಕಿಸಿದರೆ ಸಾಕು ಎನ್ನುವುದು ಯುಎಸ್‌ಬಿ ಕೊಟ್ಟ ಮಾತು. ಬಹುಪಾಲು ಅದು ಮಾತು ಉಳಿಸಿಕೊಂಡಿದೆ. ಆದರೆ ಆ ಒಂದು ತೂತಿನ ಹಿಂದೆ ಮೂರು ಕೆಲಸ ನಡೆಯುತ್ತದೆ: ಕರೆಂಟು, ಪರಿಚಯ, ಭಾಷೆ.

ಮೊದಲು ಕರೆಂಟು. ಮಾಮೂಲಿ ಯುಎಸ್‌ಬಿ 2.0 ಕೇಬಲಿನಲ್ಲಿ ನಾಲ್ಕು ವಯರು. ಎರಡು 5 ವೋಲ್ಟ್ ಕರೆಂಟಿಗೆ, ಎರಡು ಮಾತಾಡಲಿಕ್ಕೆ. ಕಂಟ್ರೋಲರಿನ ಬೆಳಕು ಹೊತ್ತಿತು ಅಂದರೆ ಮೊದಲ ಎರಡು ವಯರು ಸರಿ ಇವೆ ಅಂತ ಮಾತ್ರ ಅರ್ಥ. ಮೂರು ಫೇಸಿನಲ್ಲಿ ಒಂದು ಬಂದರೂ ಮನೆಯ ಬಲ್ಬು ಉರಿಯುತ್ತದಲ್ಲ, ಹಾಗೆ. ಕೆಲವು ಅಗ್ಗದ ಕೇಬಲುಗಳಲ್ಲಿ ಮಾತಾಡುವ ವಯರೇ ಇರುವುದಿಲ್ಲ, ಚಾರ್ಜಿಂಗಿಗೆ ಮಾತ್ರ. ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಗೊತ್ತಾಗದು. ಕಂಪ್ಯೂಟರು ಅಂಗಡಿಗೆ ಹೋಗಿ ಬರುವಾಗ ಮನೆಯಲ್ಲಿ ಕೇಬಲು ಅದಲುಬದಲಾಗುವುದು ಎಷ್ಟು ಸುಲಭ ಅಂತ ಯೋಚಿಸಿ. ಪರೀಕ್ಷೆ ಸುಲಭ: ಅದೇ ಕೇಬಲಿನಲ್ಲಿ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಫೈಲ್ ಕಳಿಸುವ ಆಯ್ಕೆ ಕೊಟ್ಟು ನೋಡಿ. ಫೋಟೋ ಕಂಡರೆ ಕೇಬಲು ಸರಿ.

ಎರಡನೆಯದು ಪರಿಚಯ. ಸಿಕ್ಕಿಸಿದ ಕೂಡಲೇ ಕಂಪ್ಯೂಟರ್ ಕೇಳುತ್ತದೆ, "ನೀನು ಯಾರು?" ಕಂಟ್ರೋಲರ್ ತನ್ನ ಕಂಪನಿಯ ನಂಬರು, ತನ್ನ ನಂಬರು, ತಾನು ಯಾವ ಜಾತಿಯ ಸಾಧನ ಎಂದೆಲ್ಲ ಹೇಳಬೇಕು. ಈ ಉತ್ತರ ಸರಿಯಾಗಿ ತಲುಪದಿದ್ದರೆ ವಿಂಡೋಸ್ ಒಂದು ಹಳದಿ ತ್ರಿಕೋನ ಹಾಕಿ, ಅಪರಿಚಿತ ಸಾಧನ, ಕೋಡ್ 43 ಅಂತ ಬರೆದು ಕೈತೊಳೆದುಕೊಳ್ಳುತ್ತದೆ. ಹಳೆಯ ಕ್ಯಾಬಿನೆಟ್ಟಿಗೆ ಹೊಸ ಬೋರ್ಡು ಹಾಕಿದಾಗ ಹೆಚ್ಚು ಎಡವುವುದು ಇಲ್ಲಿಯೇ. ಕ್ಯಾಬಿನೆಟ್ಟಿನ ಎದುರಿನ ಪೋರ್ಟುಗಳು ಬೋರ್ಡಿನ ಭಾಗ ಅಲ್ಲ. ಅವುಗಳಿಂದ ಒಂದು ವಯರು ಹೊರಟು ಬೋರ್ಡಿನ 9 ಪಿನ್ನಿನ ಅಥವಾ 19 ಪಿನ್ನಿನ ಸಾಲಿಗೆ ಕೂರುತ್ತದೆ. 9 ಪಿನ್ನಿನದ್ದರಲ್ಲಿ ಒಂದೊಂದು ಸಾಲಿನಲ್ಲಿ ಒಂದೊಂದು ಪೋರ್ಟಿನ ನಾಲ್ಕು ವಯರು. ಕೂರಿಸುವಾಗ ಮಾತಾಡುವ ವಯರಿನ ಒಂದು ಪಿನ್ ಬಾಗಿದರೆ ಸಾಕು, ಕರೆಂಟು ಬರುತ್ತದೆ, ಪರಿಚಯ ಆಗುವುದಿಲ್ಲ. ಹೊಸ ಬೋರ್ಡಿನ ಚಿಪ್‌ಸೆಟ್ ಡ್ರೈವರ್ ಹಾಕದೇ ಇದ್ದರೂ, ಕರೆಂಟು ಉಳಿಸಲು ವಿಂಡೋಸ್ ಪೋರ್ಟನ್ನು ನಿದ್ದೆಗೆ ಕಳಿಸಿದರೂ ಇದೇ ಮೆಟ್ಟಿಲಲ್ಲಿ ತೊಂದರೆ ಕಾಣಿಸಬಹುದು.

ಮೂರನೆಯದು ಭಾಷೆ. ಪರಿಚಯ ಆದ ಮಾತ್ರಕ್ಕೆ ಮಾತು ಅರ್ಥ ಆಗಬೇಕೆಂದಿಲ್ಲ. ವಿಂಡೋಸ್‌ನಲ್ಲಿ ಗೇಮುಗಳು ಕಂಟ್ರೋಲರಿನ ಜೊತೆ ಮಾತಾಡುವ ಹಳೆಯ ಭಾಷೆ ಡೈರೆಕ್ಟ್‌ಇನ್‌ಪುಟ್. 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆ ಬಂದದ್ದು ಎಕ್ಸ್‌ಇನ್‌ಪುಟ್. ಆಮೇಲೆ ಬಂದ ಬಹಳಷ್ಟು ಗೇಮುಗಳಿಗೆ ಎಕ್ಸ್‌ಇನ್‌ಪುಟ್ ಮಾತ್ರ ಬರುತ್ತದೆ. ಪ್ಲೇಸ್ಟೇಷನ್ ಕಂಟ್ರೋಲರಿಗೆ ಅದು ಬರುವುದಿಲ್ಲ. ನಡುವೆ ದುಭಾಷಿ ಬೇಕು. ಸ್ಟೀಮ್ ಅನ್ನುವ ತಂತ್ರಾಂಶ 2016ರ ಕೊನೆಯಿಂದ ಆ ಕೆಲಸ ಮಾಡುತ್ತಿದೆ. ಅಗ್ಗದ ಕೆಲವು ಕಂಟ್ರೋಲರುಗಳ ಬೆನ್ನಿನಲ್ಲಿ ಸಣ್ಣ ಗುಂಡಿ ಇರುತ್ತದೆ, ಅತ್ತ ಸರಿಸಿದರೆ ಒಂದು ಭಾಷೆ, ಇತ್ತ ಸರಿಸಿದರೆ ಇನ್ನೊಂದು. ವಿಂಡೋಸ್ ಹೊಸದಾಗಿ ಹಾಕಿದಾಗ ದುಭಾಷಿಗೆ ಹೇಳಿಕೊಟ್ಟಿದ್ದೆಲ್ಲ ಅಳಿಸಿಹೋಗಿರುತ್ತದೆ. ಇನ್ನೂ ಒಂದು ಸೂಕ್ಷ್ಮ ಉಂಟು. ಸ್ವಂತ ಸೀರಿಯಲ್ ನಂಬರು ಹೇಳದ ಸಾಧನವನ್ನು ವಿಂಡೋಸ್ ಅದು ಕೂತ ಪೋರ್ಟಿನ ವಿಳಾಸದಿಂದ ನೆನಪಿಟ್ಟುಕೊಳ್ಳುತ್ತದೆ. ಬೋರ್ಡು ಬದಲಾದರೆ ವಿಳಾಸವೂ ಬದಲಾಯಿತು. ಹಳೆಯ ವಿಳಾಸವನ್ನೇ ಹಿಡಿದು ಕೂತ ಗೇಮು, ಬಾಡಿಗೆಯವರು ಖಾಲಿ ಮಾಡಿದ ಮನೆಗೆ ಕಾಗದ ಹಾಕುತ್ತಾ ಇರುತ್ತದೆ.

ಈ ಮೂರು ಮೆಟ್ಟಿಲು ಗೊತ್ತಾದ ಮೇಲೆ ಹುಡುಕುವ ಕ್ರಮ ತಾನಾಗಿಯೇ ಸಿಗುತ್ತದೆ. ನಾನು ಅವನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ:

1. ಎದುರಿನ ಪೋರ್ಟು ಬಿಡು. ಹಿಂದುಗಡೆ, ನೇರ ಬೋರ್ಡಿಗೇ ಸಿಕ್ಕಿಸು. ನಡುವೆ ಹಬ್ಬು, ಎಕ್ಸ್‌ಟೆನ್ಷನ್ನು ಯಾವುದೂ ಬೇಡ.

2. ಗೇಮು ತೆರೆಯಬೇಡ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಡಬ್ಬಿಯಲ್ಲಿ ಜೆ-ಒ-ವೈ, ಒಂದು ಚುಕ್ಕೆ, ಸಿ-ಪಿ-ಎಲ್ ಅಂತ ಟೈಪ್ ಮಾಡು. ಅಲ್ಲಿ ಕಂಟ್ರೋಲರಿನ ಹೆಸರು ಕಾಣ್ತದಾ? ಬಟನ್ ಒತ್ತಿದರೆ ಕೆಂಪು ದೀಪ ಹೊತ್ತುತ್ತದಾ?

3. ಕಾಣದಿದ್ದರೆ ಕೇಬಲು ಬದಲಾಯಿಸು. ಆಗಲೂ ಕಾಣದಿದ್ದರೆ ಬೋರ್ಡಿನ ಕಂಪನಿಯ ಪುಟದಿಂದ ಚಿಪ್‌ಸೆಟ್ ಡ್ರೈವರ್ ಹಾಕು.

4. ಅಲ್ಲಿ ಕಂಡು ಗೇಮಿನಲ್ಲಿ ಮಾತ್ರ ಕಾಣದಿದ್ದರೆ ಕೇಬಲು, ಪೋರ್ಟು ಎಲ್ಲ ಮರೆತುಬಿಡು. ಅದು ಭಾಷೆಯ ಸಮಸ್ಯೆ. ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗಿಗೆ ಹೋಗು.

5. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ಎರಡು ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಹಿಂದಿನ ಪೋರ್ಟಿಗೆ ಸಿಕ್ಕಿಸಿದ ಕೂಡಲೇ ಹೆಸರು ಕಂಡಿತು, ಕೆಂಪು ದೀಪಗಳೂ ಹೊತ್ತಿದವು. ಗೇಮು ಮಾತ್ರ ಆಗಲೂ ಕ್ಯಾರೇ ಅನ್ನಲಿಲ್ಲ. ಸ್ಟೀಮ್‌ನಲ್ಲಿ ಪ್ಲೇಸ್ಟೇಷನ್ ಕಂಟ್ರೋಲರಿನ ಆಯ್ಕೆ ಆನ್ ಮಾಡಿದ ಮೇಲೆ ಅದೂ ಸರಿಯಾಯಿತು. ಆಮೇಲೆ ಕ್ಯಾಬಿನೆಟ್ ತೆರೆದು ಟಾರ್ಚ್ ಹಾಕಿ ನೋಡಿದರೆ ಎದುರಿನ ಪೋರ್ಟಿನ ಒಂದು ಪಿನ್ ಬಾಗಿ ಮಲಗಿತ್ತು. ಖರ್ಚು ಸೊನ್ನೆ.

ಇಲ್ಲಿ ಗಮನಿಸಬೇಕಾದದ್ದು ಒಂದುಂಟು. ಇದ್ದದ್ದು ಒಂದಲ್ಲ, ಎರಡು ದೋಷ. ಬಾಗಿದ ಪಿನ್ ಒಂದು, ದುಭಾಷಿ ಇಲ್ಲದ್ದು ಇನ್ನೊಂದು. ಗೇಮನ್ನೇ ನೋಡುತ್ತಾ ಕೂತಿದ್ದರೆ ಹಿಂದಿನ ಪೋರ್ಟಿಗೆ ಹಾಕಿದರೂ "ಏನೂ ಆಗಲಿಲ್ಲ" ಅಂತಲೇ ಕಾಣುತ್ತಿತ್ತು. ಮತ್ತೆ ಎದುರಿನ ಪೋರ್ಟಿಗೆ ಹಾಕಿ ಸ್ಟೀಮ್ ಸೆಟ್ಟಿಂಗ್ ಬದಲಾಯಿಸಿದರೆ ಆಗಲೂ "ಏನೂ ಆಗಲಿಲ್ಲ". ಎರಡೂ ಸರಿಯಾದ ಮದ್ದು, ಎರಡೂ ಸೋತ ಹಾಗೆ ಕಾಣುತ್ತವೆ, ಕೊನೆಗೆ ಕಂಟ್ರೋಲರ್ ಕಸದ ಬುಟ್ಟಿಗೆ. ಅಪ್‌ಗ್ರೇಡ್ ಅಂದರೆ ಒಂದೇ ದಿನ ಹತ್ತು ವಿಷಯ ಬದಲಾಗುವುದು. ಆದ್ದರಿಂದ ಎರಡು ದೋಷ ಒಟ್ಟಿಗೆ ಬರುವುದು ಅಪರೂಪ ಅಲ್ಲ. ಅದಕ್ಕೇ ತುದಿಯನ್ನು ನೋಡದೆ ನಡುವಿನ ಮೆಟ್ಟಿಲನ್ನು ನೋಡಬೇಕು ಅನ್ನುವುದು. ನೀರು ಬಂತಾ ಅಂತ ತೋಟದ ತುದಿಯ ಜೆಟ್ ನೋಡುವ ಮೊದಲು ಪಂಪಿನ ಹತ್ತಿರದ ವಾಲ್ವ್ ತಿರುಗಿಸಿ ನೋಡುವುದಿಲ್ಲವಾ, ಹಾಗೆ.

"ಹೊಸತು ಕೆಡ್ಲಿಕ್ಕುಂಟಾ?" ಅನ್ನುವವರಿಗೆ ಸ್ವಲ್ಪ ಚರಿತ್ರೆ. ಇಂಟೆಲ್ 2015ರಲ್ಲಿ ತಂದ 100 ಸರಣಿಯ ಚಿಪ್‌ಸೆಟ್‌ಗಳಲ್ಲಿ ಹಳೆಯ ಯುಎಸ್‌ಬಿ 2.0 ನಿಯಂತ್ರಕವನ್ನು ಕೈಬಿಟ್ಟಿತು. ಹೊಸ ಬೋರ್ಡಿಗೆ ವಿಂಡೋಸ್ 7 ಹಾಕಲು ಕೂತವರ ಕೀಬೋರ್ಡು, ಮೌಸು ಇನ್‌ಸ್ಟಾಲ್ ಮಧ್ಯದಲ್ಲೇ ಮೂಕವಾದವು, ಯಾಕೆಂದರೆ ವಿಂಡೋಸ್ 7ರ ಡಿಸ್ಕಿನಲ್ಲಿ ಹೊಸ ನಿಯಂತ್ರಕದ ಡ್ರೈವರೇ ಇರಲಿಲ್ಲ. 2021ರ ಫೆಬ್ರವರಿಯಲ್ಲಿ ಎಎಂಡಿ ಕಂಪನಿ, ತನ್ನ 500 ಸರಣಿಯ ಬೋರ್ಡುಗಳಲ್ಲಿ ಯುಎಸ್‌ಬಿ ಸಂಪರ್ಕ ಆಗಾಗ ಕಡಿದುಹೋಗುತ್ತಿರುವ ದೂರುಗಳು ನಿಜ ಅಂತ ಒಪ್ಪಿಕೊಂಡಿತು. ಸರಿಪಡಿಸಿದ ಬಯಾಸ್ ಬರಲು ಏಪ್ರಿಲ್ ಆಯಿತು. ವಯರ್‌ಲೆಸ್ ಕಂಟ್ರೋಲರ್ ಇದ್ದವರು ಇನ್ನೊಂದು ತಿಳಿದಿರಬೇಕು. ಯುಎಸ್‌ಬಿ 3.0 ಸಾಧನಗಳಿಂದ ಹೊರಡುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್‌ನ ಡಾಂಗಲ್‌ಗಳಿಗೆ ತೊಂದರೆ ಕೊಡುತ್ತದೆ ಅಂತ 2012ರಲ್ಲಿ ಇಂಟೆಲ್‌ನವರೇ ವರದಿ ಬರೆದಿದ್ದರು. ಹೊಸ ಬೋರ್ಡಿನಲ್ಲಿ ನೀಲಿ ಪೋರ್ಟು ಹೆಚ್ಚು, ಪಕ್ಕದಲ್ಲಿ ಹಾರ್ಡ್‌ಡಿಸ್ಕ್ ಬೇರೆ ಸಿಕ್ಕಿಸಿದ್ದರೆ ಕಂಟ್ರೋಲರ್ ತಡವರಿಸಲು ಶುರು. ಒಂದು ಸಣ್ಣ ಎಕ್ಸ್‌ಟೆನ್ಷನ್ ಕೇಬಲಿನಲ್ಲಿ ಡಾಂಗಲನ್ನು ದೂರ ಇಟ್ಟರೆ ಮುಗಿಯಿತು. ಈ ಯಾವುದರಲ್ಲೂ ಹಳೆಯ ಸಾಮಾನಿನ ತಪ್ಪಿಲ್ಲ ನೋಡಿ.

ಹಾಗಂತ ಹಳೆಯದು ಕೆಡುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಮ್ಮ ಸುಳ್ಯ ಕಡೆಯ ಸಿಡಿಲು ಗೊತ್ತುಂಟಲ್ಲ? ಮಳೆಗಾಲಕ್ಕೆ ಮೊದಲು, ಮತ್ತೆ ಅಕ್ಟೋಬರಿನಲ್ಲಿ, ಸಂಜೆ ಗುಡುಗಿದರೆ ಮನೆಯವರೆಲ್ಲ ಮೊದಲು ಓಡುವುದು ಪ್ಲಗ್ಗು ಕೀಳಲಿಕ್ಕೆ. ಅಂಥ ಪೆಟ್ಟಿಗೆ ಪೋರ್ಟೂ ಹೋಗಬಹುದು, ಕಂಟ್ರೋಲರೂ ಹೋಗಬಹುದು. ಬಿದ್ದು ಬಿದ್ದು ಮೈಕ್ರೋ ಯುಎಸ್‌ಬಿ ಬಾಯಿ ಸಡಿಲ ಆಗಿರಬಹುದು. ನಾನು ಹೇಳುವುದು, ಸತ್ತಿದೆ ಅನ್ನುವ ಮೊದಲು ನಾಡಿ ಹಿಡಿದು ನೋಡಿ ಅಂತ. ಹಳ್ಳಿಯಲ್ಲಿ ಇನ್ನೊಂದು ಕಂಪ್ಯೂಟರ್ ಎಲ್ಲಿಂದ ಅನ್ನಬೇಡಿ. ಒಂದು ಒಟಿಜಿ ಕೊಂಡಿ ಹಾಕಿ ಆಂಡ್ರಾಯ್ಡ್ ಫೋನಿಗೇ ಕಂಟ್ರೋಲರ್ ಸಿಕ್ಕಿಸಿ. ಮೆನುವಿನಲ್ಲಿ ಬಟನ್ ಒತ್ತಿದರೆ ಅತ್ತಿತ್ತ ಓಡಿದರೆ ಅದು ಬದುಕಿದೆ.

ಅಂಗಡಿಯವರನ್ನು ಬೈದು ಮುಗಿಸಿದರೆ ಅದೂ ಅನ್ಯಾಯ. ಅವರ ಕಡೆಯಿಂದ ನೋಡಿ. ಹೊಸ ಸಾಮಾನು ಮಾರಿದರೆ ನಾಲ್ಕು ಕಾಸು ಸಿಗುತ್ತದೆ. ಅರ್ಧ ಗಂಟೆ ಕೂತು ಪಿನ್ ನೆಟ್ಟಗೆ ಮಾಡಿ ಇನ್ನೂರು ರೂಪಾಯಿ ಕೇಳಿದರೆ ನಾವೇ, "ಬರೀ ನೋಡಿದ್ದಕ್ಕೆ ದುಡ್ಡಾ?" ಅನ್ನುತ್ತೇವೆ. ನೋಡುವುದೇ ವಿದ್ಯೆ ಮಾರಾಯ್ರೇ! ಡಾಕ್ಟರಿಗೆ ನೋಡಿದ್ದಕ್ಕೇ ಫೀಸು ಕೊಡುತ್ತೇವೆ. ದೋಷ ಹುಡುಕಿದ್ದಕ್ಕೆ ದುಡ್ಡು ಕೊಡದ ಊರಿನಲ್ಲಿ ದೋಷ ಹುಡುಕುವವರು ಉಳಿಯುವುದಿಲ್ಲ, ಮಾರುವವರು ಮಾತ್ರ ಉಳಿಯುತ್ತಾರೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಬ್ಲಾಗಿಗರಾದ ನಮ್ಮ ಪಾಲಿನ ಮಾತು. 2000ದ ದಶಕದಲ್ಲಿ, ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ, ಹಿರಿಯ ಬ್ಲಾಗಿಗರು ಒಂದು ದೊಡ್ಡ ಕೆಲಸ ಮಾಡಿದ್ದರು. ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಚೌಕ ಚೌಕವಾಗಿ ಕಾಣುತ್ತಿತ್ತು, ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಯ ಸೆಟ್ಟಿಂಗಿನಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಿ, ಎಕ್ಸ್‌ಪಿಯ ಸಿಡಿ ಕೊಡಿ ಅಂತ ಒಬ್ಬರಿಗೊಬ್ಬರು ಬರೆದು ಹೇಳಿಕೊಟ್ಟರು. ಕನ್ನಡವೇ ಕಾಣದ ಕಂಪ್ಯೂಟರಿನಲ್ಲಿ ಕನ್ನಡ ಕಾಣುವ ದಾರಿ ಹೇಳಿಕೊಟ್ಟವರು ಅವರು. ಅದೂ ದೋಷ ಹುಡುಕುವ ವಿದ್ಯೆಯೇ ಅಲ್ಲವಾ? ಅವರು ಹಾಗೆ ಬರೆಯದೇ ಇದ್ದರೆ ನಾವಿವತ್ತು ಇಲ್ಲಿ ಹರಟುತ್ತಿರಲಿಲ್ಲ. ಯು. ಬಿ. ಪವನಜ, ಟಿ. ಜಿ. ಶ್ರೀನಿಧಿಯಂಥವರು ತಂತ್ರಜ್ಞಾನದ ಬಗ್ಗೆ ವರ್ಷಗಟ್ಟಲೆ ಕನ್ನಡದಲ್ಲಿ ಬರೆದಿದ್ದಾರೆ. ಆದರೆ ಪ್ರತಿ ಕೇಬಲಿನ, ಪ್ರತಿ ಪಿನ್ನಿನ ಕಥೆಯನ್ನು ಅವರೇ ಬರೆಯಬೇಕು ಅನ್ನುವುದು ಯಾವ ಸೀಮೆಯ ಆಸೆ? ನಮ್ಮಲ್ಲಿ ಎಷ್ಟು ಮಂದಿ ಸಾಫ್ಟ್‌ವೇರಿನವರಿದ್ದೇವೆ! ಆಫೀಸಿನಲ್ಲಿ ದಿನವಿಡೀ ಬಗ್ ಹುಡುಕಿ, ರಾತ್ರಿ ಬ್ಲಾಗಿನಲ್ಲಿ ಊರಿನ ಮಳೆಯ ಬಗ್ಗೆ ಕವನ ಬರೆಯುತ್ತೇವೆ. ಮಳೆಯ ಕವನವೂ ಇರಲಿ, ನಾನೂ ಬರೆದಿದ್ದೇನೆ :) ಹತ್ತು ಕವನಕ್ಕೆ ಒಂದು ರಿಪೇರಿಯ ಬರಹವಾದರೂ ಬರಲಿ.

ಕನ್ನಡದಲ್ಲಿ ಪದ ಇಲ್ಲ ಅಂತ ಹಿಂಜರಿಯುವುದು ಬೇಡ. ಫುಟ್‌ವಾಲ್ವ್, ಸ್ಟಾರ್ಟರ್, ಫ್ಯೂಸ್ ಯಾವುದೂ ಕನ್ನಡ ಮೂಲದ್ದಲ್ಲ. ಆದರೂ ಪಂಪಿನ ಬಗ್ಗೆ ನಮ್ಮವರು ಸೊಗಸಾಗಿ ಕನ್ನಡದಲ್ಲಿ, ತುಳುವಿನಲ್ಲಿ, ಅರೆಭಾಷೆಯಲ್ಲಿ ಮಾತಾಡುತ್ತಾರೆ. ಪೋರ್ಟು, ಕೇಬಲು, ಡ್ರೈವರು ಅಂತಲೇ ಬರೆಯಿರಿ. ಪದ ಎಲ್ಲಿಯದಾದರೂ ಆಗಲಿ, ವಿವರಣೆ ಮಾತ್ರ ನಮ್ಮ ಮನೆಯ ಮಾತಿನಲ್ಲಿ ಇರಬೇಕು. ಯಾಕೆ ಹಾಗಾಗುತ್ತದೆ ಅಂತ ಒಂದು ಸಲ ಅರ್ಥವಾದರೆ ಉಳಿದದ್ದನ್ನು ಅವರೇ ಹುಡುಕಿಕೊಳ್ಳುತ್ತಾರೆ.

ನಿಮ್ಮ ಮನೆಯಲ್ಲೂ ಅಪ್‌ಗ್ರೇಡಿನ ಮರುದಿನ "ಹೋಯ್ತು" ಅಂತ ಅಟ್ಟಕ್ಕೆ ಸೇರಿದ ಕಂಟ್ರೋಲರ್, ಪ್ರಿಂಟರ್, ವೆಬ್‌ಕ್ಯಾಮ್ ಇರಬಹುದು. ಈ ಭಾನುವಾರ ಒಂದನ್ನು ಇಳಿಸಿ, ಮೆಟ್ಟಿಲು ಮೆಟ್ಟಿಲಾಗಿ ನೋಡಿ. ಸರಿಯಾದರೆ ಹೇಗೆ ಸರಿಯಾಯಿತು ಅಂತ ಬರೆಯಿರಿ. ಸರಿಯಾಗದಿದ್ದರೆ ಎಲ್ಲಿಯವರೆಗೆ ಸರಿ ಇತ್ತು ಅಂತ ಬರೆಯಿರಿ, ಅದೂ ಇನ್ನೊಬ್ಬರಿಗೆ ಉಪಯೋಗವೇ.

ಏನಂತೀರಿ?